ದೊಡ್ಡವ್ವನ ದನಿ, ಪುಣೆಯ ಡಬ್ಬಿ

ಮಾವನ ಕೊರಳಿಗೆ ಮೊಬೈಲು ಬಂದ ಹೊಸದರಲ್ಲಿ, ಅದು ಬಾರಿಸಿತೆಂದರೆ ನಮ್ಮ ಗೋಡೌನಿನಲ್ಲಿ ಎಲ್ಲರೂ ಕೆಲಸ ಬಿಟ್ಟು ನಿಲ್ಲುತ್ತಿದ್ದೆವು. ಗೌರವಕ್ಕಲ್ಲ, ತಮಾಷೆ ನೋಡಲಿಕ್ಕೆ. ಬಂದ ಕರೆಗೂ ದುಡ್ಡು ಬೀಳುತ್ತಿದ್ದ ಕಾಲ ಅದು. ಚರ್ಮದ ಚೀಲದಿಂದ ಅದನ್ನು ಹೊರಗೆಳೆಯುವಷ್ಟರಲ್ಲಿ ಎತ್ತಲೋ ಬಿಡಲೋ ಎಂಬ ಯುದ್ಧವೊಂದು ಮಾವನ ಮುಖದ ಮೇಲೆ ನಡೆದು ಮುಗಿಯುತ್ತಿತ್ತು. ಎತ್ತಿದರೂ ಬಸ್ಸು ತಪ್ಪುವವನ ಹಾಗೆ ಮಾತಾಡುತ್ತಿದ್ದ: "ಹಾಂ ಹೇಳ್ರಿ ಆತು ಇಡ್ರಿ." ಪರದೆಯ ನಂಬರು ಓದುವ ಗೋಜಿಗೆ ಹೋಗುತ್ತಿರಲಿಲ್ಲ; ಒಬ್ಬರ ದನಿ ಕೇಳಿದರೆ ಮಾತ್ರ ಕುರ್ಚಿಯಿಂದ ಎದ್ದು, ಟೊಪ್ಪಿಗೆ ಸರಿಮಾಡಿಕೊಂಡು, ಆಮೇಲೆ ಮಾತಾಡುತ್ತಿದ್ದ. ಅದು ಖಾನಾಪುರದಲ್ಲಿದ್ದ ಅವನ ಅಕ್ಕ. ನನಗೆ ದೊಡ್ಡವ್ವ.

ಮಾವನದು ದನದ ಹಿಂಡಿ, ಬೂಸಾ ವ್ಯಾಪಾರ. ಗೋಡೌನು ಬೆಳಗಾವಿಯಲ್ಲಿ, ಗಿರಾಕಿಗಳು ಹೆಚ್ಚಾಗಿ ಖಾನಾಪುರದಾಚೆ ಗುಂಜಿ, ಲೋಂಡಾ ಕಡೆಯ ದನಗಾರರು. ಬಿ.ಕಾಂ. ಕೊನೆಯ ವರ್ಷ ಬಹಳ ಇಷ್ಟವಾದದ್ದರಿಂದ ಅದನ್ನೇ ಎರಡು ಸಲ ಓದಿ, ಮೂರನೆಯ ಸಲ ಓದಲು ಅಪ್ಪ ಬಿಡದೆ ನಾನು ಮಾವನ ಕೈಕೆಳಗೆ ಬಂದು ಬಿದ್ದಿದ್ದೆ. ಹುದ್ದೆಯ ಹೆಸರು ಮ್ಯಾನೇಜರ್. ಖರೇ ಕೆಲಸವೆಂದರೆ ಜನರ ದನಿ ತೆಗೆಯುವುದು. ಡ್ರೈವರ್ ಗೇರು ಹಾಕುವಾಗ ನರಳುವ ರೀತಿ, ಸೇಲ್ಸ್ ಟ್ಯಾಕ್ಸ್ ಸಾಹೇಬರು ಚಹಾ ಬೇಡವೆನ್ನುತ್ತಲೇ ಕಪ್ಪಿಗೆ ಕೈ ಚಾಚುವ ರೀತಿ, ನಮ್ಮಪ್ಪ ನನ್ನ ಮಾರ್ಕ್ಸ್ ಕಾರ್ಡು ನೋಡಿ ಗಂಟಲು ಸರಿಮಾಡಿಕೊಳ್ಳುವ ರೀತಿ. ಎಲ್ಲದಕ್ಕೂ ಗೋಡೌನಿನಲ್ಲಿ ಬೇಡಿಕೆಯಿತ್ತು. ನನ್ನದೇ ನಕಲು ಮಾಡು ಎಂದರೆ ಮಾತ್ರ ಬರುತ್ತಿರಲಿಲ್ಲ. ಆಯಾ ದಿನ ಯಾರ ದನಿ ನಾಲಿಗೆ ಮೇಲಿತ್ತೋ ಅದರಲ್ಲೇ ಮಾತಾಡುತ್ತಿದ್ದೆನಾಗಿ, ನನ್ನದು ಯಾವುದೆಂದು ನನಗೇ ಖಾತ್ರಿ ಇರಲಿಲ್ಲ.

ಮೊದಲೆಲ್ಲ ಹಿಂಡಿಯ ರೊಕ್ಕವನ್ನು ಟೆಂಪೊ ಡ್ರೈವರನೇ ವಾಪಸ್ ತರುತ್ತಿದ್ದ. ಅವನು ಅಪ್ಪಟ ಪ್ರಾಮಾಣಿಕ, ಅಪ್ಪಟ ಮರೆಗುಳಿ. ಒಮ್ಮೆ ರೊಕ್ಕದ ಚೀಲವನ್ನು ಲೋಂಡಾದ ಚಹಾದಂಗಡಿಯ ಮೊಳೆಗೆ ತೂಗುಹಾಕಿ, ತನ್ನ ಖಾಲಿ ಊಟದ ಡಬ್ಬಿಯನ್ನು ಮಾತ್ರ ಜೋಪಾನವಾಗಿ ತಂದ. ಮರುದಿನ ಹೋದರೆ ಚೀಲ ಮೊಳೆಯ ಮೇಲೆ ಹಾಗೇ ಇತ್ತು. ಆದರೆ ಆ ಒಂದು ದಿನದಲ್ಲಿ ಮಾವ ಬೆಲ್ಟಿನ ಎರಡು ತೂತಿನಷ್ಟು ಸಣ್ಣಗಾದ. ಆವತ್ತಿನಿಂದ ಹೊಸ ಕಾನೂನು ಬಂತು: ಮೊದಲು ರೊಕ್ಕ, ಆಮೇಲೆ ಗಾಡಿ. ದನಗಾರರು ಬೆಳಿಗ್ಗೆ ಹಾಲು ಹಾಕಲು ಖಾನಾಪುರಕ್ಕೆ ಹೇಗೂ ಬರುತ್ತಿದ್ದರು. ಬಂದವರು ದೊಡ್ಡವ್ವನ ಎಸ್‌ಟಿಡಿ ಬೂತಿನ ಕಿಟಕಿಯಲ್ಲಿ ರೊಕ್ಕ ಕೊಡಬೇಕು. ಎಲ್ಲರದೂ ಬಂದ ಮೇಲೆ ಆಕೆ ಮಾವನ ಮೊಬೈಲಿಗೆ ಫೋನು ಮಾಡಿ ಎರಡೇ ಶಬ್ದ ಹೇಳಬೇಕು: "ಗಾಡಿ ಬಿಡೋ." ಮಾವ ನಿಂತಲ್ಲೇ "ಹೂಂ ಅಕ್ಕಾ" ಅನ್ನುತ್ತಿದ್ದ, ಟೆಂಪೊ ಹೊರಡುತ್ತಿತ್ತು. ಮೊಬೈಲಿನ ಮೇಲೆ ನಮ್ಮ ವ್ಯಾಪಾರದ ರೊಕ್ಕ ಓಡಾಡಿದ್ದು ಹೀಗೆ. ಈ ವ್ಯವಸ್ಥೆ ಕಟ್ಟಿದ ಖರ್ಚು: ಸೊನ್ನೆ.

ಈ ಕಿಟಕಿ ದೊಡ್ಡವ್ವನಿಗೆ ಎಷ್ಟು ಬೇಕಾಗಿತ್ತೆಂದು ನಮಗೆಲ್ಲ ಗೊತ್ತಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಬೂತೇ ಆಕೆಯ ಹೊಟ್ಟೆ, ಆ ಬೂತೇ ಆಕೆಯ ಊರು. ಆದರೆ ಜನರ ಕೈಗೆ ಮೊಬೈಲು ಬರತೊಡಗಿ ಗಾಜಿನ ಬಾಗಿಲ ಹಿಂದಿನ ಫೋನು ದಿನವಿಡೀ ಸುಮ್ಮನೆ ಕೂರುತ್ತಿತ್ತು. ಚೀಲಕ್ಕಿಷ್ಟು ಎಂದು ಮಾವ ಕೊಡುತ್ತಿದ್ದ ಕಮಿಷನ್ನಿನ ಮೇಲೆ ಬೂತಿನ ಬಾಗಿಲು ತೆರೆದಿತ್ತು. ಮಾವ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಹೊಸ ಮನೆ ಕಟ್ಟಿಸಿದಾಗಿನಿಂದ ಅಲ್ಲಿಗೇ ಬಂದಿರು ಎಂದು ಕರೆಯುತ್ತಲೇ ಇದ್ದ.

"ಬಂದು ಏನ್ ಮಾಡ್ಲಿ?" ಎಂದು ದೊಡ್ಡವ್ವ ಕೇಳುತ್ತಿದ್ದಳು. "ನಿನ್ನ ಹೆಂಡತಿ ಟೀವಿ ನೋಡ್ತಾಳ. ಆಕಿ ಟೀವಿ ನೋಡೂದನ್ನ ನಾ ಕುಂತು ನೋಡ್ಲೇನು?"

ಹೀಗಿರುವಾಗ ಪುಣೆಯಿಂದ ಟೈ ಕಟ್ಟಿಕೊಂಡು ಒಬ್ಬ ಸಾಹೇಬ ಬಂದ. ಹಿಂಡಿಯ ಗೋಡೌನಿನಲ್ಲಿ ಟೈ ಎಂದರೆ ಹತ್ತು ನಿಮಿಷದಲ್ಲಿ ಬೂಸಾ ಬಣ್ಣ. ಅವನು ಅರ್ಧ ಮರಾಠಿ, ಅರ್ಧ ಹಿಂದಿ. ಪ್ರತಿ ಮಾತಿನ ಬಾಲಕ್ಕೆ "ಏಕದಮ್ ಸೇಫ್". ಅವನ ಕಂಪನಿ ಒಂದು ಡಬ್ಬಿ ಮಾರುತ್ತಿತ್ತು. ಅದನ್ನು ಫೋನಿನ ತಂತಿಗೆ ಜೋಡಿಸಬೇಕು. ಗಿರಾಕಿ ಮೊದಲೇ ಒಂದಿಷ್ಟು ರೊಕ್ಕ ನಮ್ಮಲ್ಲಿ ಇಟ್ಟಿರಬೇಕು. ಹಿಂಡಿ ಬೇಕಾದಾಗ ಮೊಬೈಲಿನಿಂದ ಆ ಡಬ್ಬಿಗೆ ಫೋನು ಮಾಡಿದರೆ ಒಳಗಿನಿಂದ ಒಬ್ಬ ಹೆಂಗಸು ಮಾತಾಡುತ್ತಾಳೆ. ಅವಳು ಹೇಳಿದಾಗ ತನ್ನ ನಾಲ್ಕಂಕಿಯ ಗುಟ್ಟಿನ ನಂಬರು ಒತ್ತಬೇಕು, ಆಮೇಲೆ ಎಷ್ಟು ಚೀಲವೆಂದು ಒತ್ತಬೇಕು. ಇಲ್ಲಿ ಚೀಟಿ ಹೊರಬರುತ್ತದೆ, ಗಾಡಿ ಹೊರಡುತ್ತದೆ. ನಡುವೆ ಮನುಷ್ಯರೇ ಬೇಡ.

"ಖಾನಾಪುರದಾಗ ಕಿಟಕಿ?" ಎಂದ ಮಾವ.

"ಗರಜ್ ನಾಹಿ," ಎಂದ ಸಾಹೇಬ, ಬೇಕಿಲ್ಲವೆಂದು ಕೈಯಾಡಿಸಿ. "ಏಕದಮ್ ಸೇಫ್."

ಬೆಲೆ ಕೇಳಿ ಮಾವ ಕುರ್ಚಿಯ ಕೈ ಹಿಡಿದುಕೊಂಡ. ಹಳೆಯ ಟೆಂಪೊ ಒಂದು ಬರುತ್ತಿತ್ತು ಅಷ್ಟಕ್ಕೆ. "ನಮ್ಮಲ್ಲಿ ಮನ್ಯಾಗ ಮಾಡಿದ್ದ ಐತ್ರಿ, ಸಾಹೇಬ್ರ. ಛಲೋ ನಡದೈತಿ. ನೋಡೂಣು," ಎಂದು ಚಹಾ ಕುಡಿಸಿ ಕಳಿಸಿದ. ಅಲ್ಲಿಗೆ ಮುಗಿಯುತ್ತಿತ್ತು, ನಾನೆಂಬವನೊಬ್ಬ ಇಲ್ಲದಿದ್ದರೆ.

ಒಂದು ಬುಧವಾರ ಗೋಡೌನಿನ ಎದುರು ಚಹಾದಂಗಡಿಯಲ್ಲಿ ನಿಂತಿದ್ದೆ. ಅಲ್ಲೊಂದು ಹಳದಿ ಬಣ್ಣದ ಕಾಯಿನ್ ಫೋನಿತ್ತು. ಎದುರಿಗೆ ಹಮಾಲರು ಟೆಂಪೊಗೆ ಚೀಲ ಏರಿಸುತ್ತಿದ್ದರು: "ಲಾಭಾ… ಎರಡಾ… ಮೂರಾ…" ತೆರೆದ ಬಾಗಿಲೊಳಗೆ ಮಾವ ಹಲ್ಲಿಗೆ ಕಡ್ಡಿ ಹಾಕಿಕೊಂಡು ಖಾನಾಪುರದ ಫೋನಿಗೆ ಕಾಯುತ್ತಿದ್ದ. ನನ್ನ ಕಿಸೆಯಲ್ಲಿ ಒಂದು ರೂಪಾಯಿ ಇತ್ತು. ಇಂಥ ದೃಶ್ಯ ಎದುರಿಗಿದ್ದಾಗ ಒಂದು ರೂಪಾಯಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದು ನನ್ನಂಥವನಿಂದ ಸಾಧ್ಯವೇ?

ಮೊದಲು ದೊಡ್ಡವ್ವನ ಹಾಗೆ ಮೂಗಿನಿಂದ ಸಣ್ಣಗೆ ಉಸಿರು ಬಿಟ್ಟೆ. ಆಮೇಲೆ ಆ ಅಂಚು ಹರಿತವಾದ ದನಿಯಲ್ಲಿ ಹೇಳಿದೆ: "ಗಾಡಿ ಬಿಡೋ. ಬಾಯಾಗಿನ ಕಡ್ಡಿ ತಗಿ ಮೊದಲ."

ಮಾವ ಎದ್ದು ನಿಂತ. ಟೊಪ್ಪಿಗೆ ಸರಿಮಾಡಿಕೊಂಡ. ಕಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ! "ಹೂಂ ಅಕ್ಕಾ," ಎಂದು ಡ್ರೈವರನಿಗೆ ಕೈ ಮಾಡಿದ.

ಓಡಿಹೋಗಿ ಹೇಳಬೇಕೆಂದೇ ಇದ್ದೆ. ಆದರೆ ನಕ್ಕು ನಕ್ಕು ಚಹಾ ನೆತ್ತಿಗೇರಿ, ಅಂಗಡಿಯವನು ಬೆನ್ನ ಮೇಲೆ ನಾಲ್ಕು ಗುದ್ದಿ, ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಟೆಂಪೊ ತಿರುವು ದಾಟಿತ್ತು. ಡ್ರೈವರನ ಹತ್ತಿರ ಮೊಬೈಲು ಇರಲಿಲ್ಲ. ಇದ್ದಿದ್ದರೆ ಅದನ್ನೂ ಯಾವುದೋ ಮೊಳೆಗೆ ಹಾಕಿರುತ್ತಿದ್ದ. ರೊಕ್ಕ ಬಾರದ ಚೀಲಗಳು ಲೋಂಡಾ ಮುಟ್ಟಿದವು. ಅಲ್ಲಿಯ ಗಿರಾಕಿ ಸಜ್ಜನ. ಮರುದಿನ ಬೆಳಿಗ್ಗೆ ಹಾಲಿನ ಕ್ಯಾನಿನ ಜೊತೆ ರೊಕ್ಕವನ್ನೂ ಖಾನಾಪುರಕ್ಕೆ ತಂದು ಕೊಟ್ಟ. ಆದರೆ ಬುಧವಾರವೇ ನಾನು ಎಲ್ಲ ಒಪ್ಪಿಕೊಂಡಾಗ ಮಾವನ ಚಿಂತೆ ಆ ರೊಕ್ಕದ್ದಾಗಿರಲಿಲ್ಲ.

"ಇವತ್ತ ನೀ ಮಾಡಿದಿ," ಎಂದ. ಬೈಯಲೂ ಇಲ್ಲ, ಅದೇ ಹೆದರಿಕೆ. "ನಾಳೆ ನಿನ್ನಂಥಾವ ಮತ್ತೊಬ್ಬ ಮಾಡ್ತಾನ. ಬರೇ ದನಿ ನಂಬಿ ನಾ ಗಾಡಿ ಬಿಡಾಕತ್ತೇನಿ. ಆ ಪುಣೆದಾವ ಹೇಳಿದ್ದ ಖರೇ."

ಅವನು ಪುಣೆಗೆ ಫೋನು ಮಾಡಿದ. ನಾನು ಒಂದು ರೂಪಾಯಿಯಲ್ಲಿ ದೊಡ್ಡವ್ವನ ಕಿಟಕಿ ಮುಚ್ಚಿಸಿದ್ದೆ.

ಸುದ್ದಿ ತಿಳಿದು ಶುಕ್ರವಾರ ಮೊದಲ ಬಸ್ಸಿಗೇ ದೊಡ್ಡವ್ವ ಬಂದಳು. ಗೋಡೌನಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮಾವ ನಿಂತಿದ್ದ, ನಾನು ಬೂಸಾ ಚೀಲಗಳ ಹಿಂದಿದ್ದೆ.

"ಹೊರಗ ಬಾರಲೇ," ಎಂದಳು, ನೋಡದೆಯೇ. "ನನ್ನ ದನಿ ತಗೀತಿಯಂತಲ್ಲ. ತಗಿ ನೋಡೂಣು."

"ಬ್ಯಾಡ ದೊಡ್ಡವ್ವಾ."

"ತಗಿ ಅಂದ್ರ ತಗಿ."

ತೆಗೆದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. "ಖರೇನ ನಾ ಹಿಂಗ ಒದರ್ತೇನೇನು?" ಎಂದು ತಮ್ಮನನ್ನು ಕೇಳಿದಳು.

"ಇಲ್ಲಕ್ಕಾ," ಎಂದ ಮಾವ. ಅಷ್ಟು ದೊಡ್ಡ ಸುಳ್ಳನ್ನು ಅವನು ಸೇಲ್ಸ್ ಟ್ಯಾಕ್ಸಿನವರಿಗೂ ಹೇಳಿದವನಲ್ಲ.

ಚಹಾ ಬಂತು. ಅರ್ಧ ಕುಡಿದು ಆಕೆ ವಿಷಯಕ್ಕೆ ಬಂದಳು. "ನೋಡಪಾ, ನಿನಗ ಡಬ್ಬಿ ಬೇಕಾದ್ರ ತಗೋ. ನಿನ್ನ ರೊಕ್ಕ, ನಿನ್ನ ಡಬ್ಬಿ. ಆದರ ಕೆಟ್ಟದ್ದನ್ನ ರಿಪೇರಿ ಮಾಡಿ ನೋಡದ ಒಗ್ಯಾಕ ಬ್ಯಾಡ. ಎಂಟು ದಿನ ಕೊಡು. ನಾಳೆಯಿಂದ ನಾ ಮಾತಾಡೂದಿಲ್ಲ. ನಿನ್ನ ಮೊಬೈಲಿಗೆ ಎರಡು ಸಲ ಬಾರಿಸಿ ಕಟ್ ಮಾಡ್ತೇನಿ, ನೀ ಎತ್ತಬ್ಯಾಡ, ರೊಕ್ಕ ಉಳೀತು. ಆಮ್ಯಾಲೆ ಗೋಡೌನಿನ ಫೋನಿಂದ ನೀನ ನನ್ನ ಬೂತಿಗೆ ಹಚ್ಚು. ಅವಾಗ ಯಾರ್‍ಯಾರದು ಎಷ್ಟೆಷ್ಟು ಅಂತ ಪಟ್ಟಿ ಓದ್ತೇನಿ. ಈ ಕತ್ತಿ ಬೆಳಗಾವ್ಯಾಗ ಕುಂತು ನನ್ನ ಫೋನ್ ಹೆಂಗ ಎತ್ತತಾನ?"

"ಇವ ಎತ್ತತಾನಕ್ಕಾ," ಎಂದ ಮಾವ, ಕತ್ತೆಯ ಕಡೆ, ಅಂದರೆ ನನ್ನ ಕಡೆ ನೋಡುತ್ತ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ನನ್ನ ನಂಬಿಕೆ.

"ಎತ್ತಲಿ. ಎಂಟು ದಿನದಾಗ ಒಮ್ಮಿ ಇವ ನಿನಗ ಮೋಸ ಮಾಡಿ ಗಾಡಿ ಬಿಡಿಸಿದ್ರ ನಾ ಕಿಟಕಿ ಮುಚ್ಚಿ ನಿನ್ನ ಮನಿಗೆ ಬರ್ತೇನಿ. ನಿನ್ನ ಹೆಂಡತಿ ಬಾಜೂಕ ಕುಂತು ಟೀವಿ ನೋಡ್ತೇನಿ. ಕಳ್ಳನ್ನ ಹೊರಗ ಎಲ್ಲಿ ಹುಡುಕೂದು, ಮನ್ಯಾಗ ಫುಕಟ್ ಅದಾನ."

ಮಾವ ನನ್ನ ಕಡೆ ತಿರುಗಿದ. "ನೀ ಗೆದ್ದಿ ಅಂದ್ರ ಡಬ್ಬಿ ನೋಡಿಕೊಳ್ಳಾಕ ಒಬ್ಬಾವ ಬೇಕಲಾ, ನಿನಗೊಂದು ಮೊಬೈಲ್ ಕೊಡಸ್ತೇನಿ."

ಸುಳ್ಳು ಯಾಕೆ ಹೇಳಲಿ? ಆ ಕ್ಷಣ ದೊಡ್ಡವ್ವನ ಕಿಟಕಿ ನನ್ನ ಮನಸ್ಸಿನಲ್ಲಿ ಇರಲಿಲ್ಲ. ನನ್ನ ಸೊಂಟಕ್ಕೆ ಸಿಕ್ಕಿಸಿದ ಚರ್ಮದ ಚೀಲ ಕಾಣುತ್ತಿತ್ತು, ಅದನ್ನು ನೋಡುತ್ತಿದ್ದ ಕಾಲೇಜಿನ ಹಳೆಯ ಗೆಳೆಯರು ಕಾಣುತ್ತಿದ್ದರು.

ಪುಣೆಯ ಸಾಹೇಬ ಡಬ್ಬಿಯನ್ನು ಎಂಟು ದಿನದ ಟ್ರಯಲ್ಲಿಗೆ ಬಿಟ್ಟುಹೋದ. ಖಾನಾಪುರದಲ್ಲಿ ಐವರು ಗಿರಾಕಿಗಳನ್ನು ಆರಿಸಿ, ಪ್ರತಿಯೊಬ್ಬರ ಕೈಗೂ ಅಂಟಿಸಿದ ಲಕೋಟೆಯಲ್ಲಿ ಗುಟ್ಟಿನ ನಂಬರು ಕೊಟ್ಟ. ಹೆಂಡತಿಗೂ ಹೇಳಬಾರದು ಎಂದು ಮರಾಠಿಯಲ್ಲಿ ಹೇಳಿದ, ಹಿಂದಿಯಲ್ಲಿ ಹೇಳಿದ. ಐವರೂ ತಲೆಯಾಡಿಸಿದರು. ಸಾಹೇಬನ ಜೀಪು ಮರೆಯಾದದ್ದೇ ತಡ, ಐವರೂ ಒಬ್ಬರ ಹಿಂದೊಬ್ಬರು ದೊಡ್ಡವ್ವನ ಕಿಟಕಿಗೆ ಬಂದರು. ಸಾಹೇಬನ ಜೊತೆ ಬಂದಿದ್ದ ನಾನು ಅಲ್ಲೇ ಉಳಿದಿದ್ದೆ.

"ಬಾಯಾರ, ನಂದು ನಾಕು ನಾಕು ಎರಡು ಒಂಬತ್ತು. ಬರಕೊಳ್ರಿ. ನನಗ ನೆನಪ ಇರೂದಿಲ್ಲ."

"ಗುಟ್ಟಂತಲ್ಲೋ ಅದು?"

"ಹೌದ್ರಿ, ಗುಟ್ಟು. ಅದಕ್ಕ ನಿಮಗೊಬ್ಬರಿಗೆ ಹೇಳಾಕತ್ತೇನಿ."

ಹಿಂದಿನ ನಾಲ್ವರೂ ಕೇಳಿಸಿಕೊಂಡು ಒಪ್ಪಿಗೆಯಿಂದ ತಲೆದೂಗಿದರು. ಅವರಲ್ಲಿ ಗುಂಜಿಯ ಒಬ್ಬ ಮಾತ್ರ ಸ್ವಂತ ಮೊಬೈಲು ಇಟ್ಟವನು. ಗುಂಜಿಯಲ್ಲಿ ಸಿಗ್ನಲ್ ಇರಲಿಲ್ಲವಾಗಿ ಅದನ್ನು ಖಾನಾಪುರಕ್ಕೆ ಬಂದ ಮೇಲೆ ಚಾಲೂ ಮಾಡಿ, ಊರಿಗೆ ಹೊರಡುವಾಗ ಬಂದ್ ಮಾಡಿ ಅರಿವೆಯಲ್ಲಿ ಸುತ್ತಿಡುತ್ತಿದ್ದ. ಮರುದಿನ ನನ್ನ ಎದುರೇ ಅವನೇ ಮೊದಲು ಡಬ್ಬಿಗೆ ಫೋನು ಹಚ್ಚಿದ. ಒಳಗಿನ ಹೆಂಗಸು ಮಾತಾಡಿದಳು, ಇವನು ಕೇಳಿದ. ಅವಳು ಇನ್ನೂ ಮಾತಾಡಿದಳು, ಇವನು ಇನ್ನೂ ಕೇಳಿದ. ಕೊನೆಗೆ ಫೋನು ತಾನಾಗಿ ಕಡಿಯಿತು.

"ಯಾಕೋ, ನಂಬರ್ ಒತ್ತಲಿಲ್ಲ?" ಎಂದೆ.

"ಆ ಬಾಯಿ ಮಾತಾಡೂದು ಮುಗಸಲೇ ಇಲ್ರಿ. ಹೆಣ್ಣಮಗಳು ಮಾತಾಡೂಮುಂದ ನಡುವ ಹೆಂಗ ಒತ್ತೂದ್ರಿ?"

ಐದೂ ನಂಬರು ನನಗೆ ಬಾಯಿಪಾಠವಾಗಿದ್ದವು. ಡಬ್ಬಿಗೆ ಮೋಸ ಮಾಡಲು ದನಿ ಬದಲಿಸುವ ತ್ರಾಸೂ ಬೇಕಾಗಲಿಲ್ಲ, ಬೆರಳು ಸಾಕಿತ್ತು. ಬೆಳಗಾವಿಗೆ ಮರಳಿ, ಮಧ್ಯಾಹ್ನದೊಳಗೆ ಐವರ ಹೆಸರಿನಲ್ಲೂ ನೂರು ನೂರು ಚೀಲ ಒತ್ತಿ, ಚೀಟಿಗಳ ಮಾಲೆಯನ್ನು ಮಾವನ ಕೊರಳಿಗೆ ಹಾಕಿದೆ. ಆದರೂ ಮಾವನ ಮನಸ್ಸು ಡಬ್ಬಿಯಿಂದ ಕದಲಲಿಲ್ಲ. "ಅದು ಡಬ್ಬಿ ತಪ್ಪಲ್ಲ, ಮಂದಿ ತಪ್ಪು. ಮಂದಿಗೆ ಕಲಸಬಹುದು. ಅಕ್ಕನ ಕಡೆ ಸೋಲ್ತೀಯೋ ಗೆಲ್ತೀಯೋ, ಅದನ್ನ ಹೇಳು."

ಅಲ್ಲಿ ಸೋಲುತ್ತಲೇ ಇದ್ದೆ. ಬೆಳಗಾವಿಯಿಂದ ಎರಡು ಸಲ ಬಾರಿಸಿ ಕಟ್ ಮಾಡಿದೆ. ಮಾವ ಖಾನಾಪುರಕ್ಕೆ ಹಚ್ಚಿದ. ದೊಡ್ಡವ್ವ "ನಾ ಬಾರಿಸಿಲ್ಲ, ಆ ಕತ್ತಿ ಇರಬೇಕು" ಎಂದಳು. ಇನ್ನೊಂದು ದಿನ ಬೇರೆ ಊರಿನ ನಂಬರಿನಿಂದ ಮಾಡಿಸಿದೆ. ಅದೇ ಉತ್ತರ, ಅದೇ ಕತ್ತಿ. ದೊಡ್ಡವ್ವನ ಫೋನು ಎತ್ತಬೇಕಾದರೆ ದೊಡ್ಡವ್ವನ ಕುರ್ಚಿಯಲ್ಲೇ ಕೂರಬೇಕು ಎಂದು ತಿಳಿಯಲು ನನ್ನಂಥ ಬುದ್ಧಿವಂತನಿಗೆ ಆರು ದಿನ ಹಿಡಿಯಿತು.

ಏಳನೆಯ ದಿನ ಬೆಳಗಿನ ರೈಲಿಗೆ ಖಾನಾಪುರಕ್ಕೆ ಹೋದೆ. ಅವತ್ತು ಗುಂಜಿಯವನೊಬ್ಬ, ಲೋಂಡಾದವನೊಬ್ಬ, ಇಬ್ಬರ ರೊಕ್ಕ ಇನ್ನೂ ಬಂದಿರಲಿಲ್ಲ. ದೊಡ್ಡವ್ವ ನನ್ನನ್ನು ನೋಡಿ ನಕ್ಕಳು.

"ಕದಿಯಾಕ ಬಂದೀಯೇನು?"

"ಇಲ್ಲ ದೊಡ್ಡವ್ವಾ, ಹಂಗ ಬಂದೆ."

"ಉಂಡೀಯೇನು? ಮೊದಲ ಉಣ್ಣು. ಖಾಲಿ ಹೊಟ್ಟಿಲೇ ಕದ್ರ ಕೈ ನಡಗತಾವ."

ಅನ್ನ, ಹುಳಿ, ಮೇಲೊಂದಿಷ್ಟು ಮಜ್ಜಿಗೆ. ನಾನು ಉಣ್ಣುತ್ತಿದ್ದಾಗ ಆಕೆ ಬೂತಿನ ಗಾಜನ್ನು ಒರೆಸುತ್ತಿದ್ದಳು. ಒಳಗೆ ಯಾರೂ ಫೋನು ಮಾಡಲು ಬರುತ್ತಿರಲಿಲ್ಲ, ಆದರೂ ಒರೆಸುತ್ತಿದ್ದಳು. ಆಮೇಲೆ, "ನಾ ಉಂಡು ಬರ್ತೇನಿ, ಯಾರಾರ ಬಂದ್ರ ಕೂಗು," ಎಂದು ಹಿಂದಿನ ಮನೆಗೆ ಹೋದಳು. ಬೇಕೆಂದೇ ಹೋದಳೋ ಏನೋ, ಇವತ್ತಿಗೂ ಕೇಳಿಲ್ಲ.

ಕುರ್ಚಿಯಲ್ಲಿ ಕೂತೆ. ಅದು ಆಕೆಯ ಭಾರಕ್ಕೆ ಒಂದು ಕಡೆ ವಾಲಿತ್ತು. ಮಾವನ ಮೊಬೈಲಿಗೆ ಎರಡು ಸಲ ಬಾರಿಸಿ ಕಟ್ ಮಾಡಿದೆ. ಒರೆಸಿದ ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಅದು ಅಷ್ಟೇನೂ ಚಂದ ಇರಲಿಲ್ಲ. ಎದ್ದು ಹೋಗಿಬಿಡಲೇ ಎಂದುಕೊಂಡೆ. ಅಷ್ಟರಲ್ಲಿ ಫೋನು ಬಾರಿಸಿತು. ಬಾರಿಸುವ ಫೋನನ್ನು ಎತ್ತದೆ ಬಿಡುವ ಶಕ್ತಿ ನಮ್ಮ ವಂಶಕ್ಕೆ ಇಲ್ಲ.

"ಹೇಳಕ್ಕಾ," ಎಂದ ಮಾವ.

ಮೂಗಿನಿಂದ ಸಣ್ಣಗೆ ಉಸಿರು ಬಿಟ್ಟೆ. ಮೇಜಿನ ಮೇಲಿದ್ದ ಬೀಗದ ಕೈಗಳನ್ನು ಬಳೆಯ ಹಾಗೆ ಅಲುಗಿಸಿದೆ. ಅಷ್ಟು ಚಂದವಾಗಿ ಆ ದನಿ ನನಗೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. "ಹೂಂ, ಬರಕೋ. ಒಂದು, ಗುಂಜಿ, ಆರು ಚೀಲ. ಎರಡು, ಲೋಂಡಾ, ಹತ್ತು ಚೀಲ. ಗಾಡಿ ಬಿಡೋ."

ಆ ಕಡೆ ಮಾವನ ಹಿಂದೆ ಹಮಾಲರ ಎಣಿಕೆ ಕೇಳುತ್ತಿತ್ತು. ಆಮೇಲೆ ಮಾವ ನಗತೊಡಗಿದ. ಅವನು ಫೋನಿನಲ್ಲಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಗುವುದಕ್ಕೂ ದುಡ್ಡು ಬೀಳುತ್ತದಲ್ಲ.

"ಗಾಡಿ ಬಿಡೂದಿಲ್ಲಲೇ," ಎಂದ. "ನಮ್ಮಕ್ಕ ಹುಟ್ಟಿದಾಗಿಂದ ಪಟ್ಟಿಗೆ ಒಂದು ಅಂತ ಯಾವಾಗ ಅಂದಾಳ?"

ನಮ್ಮ ಕಡೆ ಕಾಳು ಅಳೆಯುವವರು, ಚೀಲ ಎಣಿಸುವವರು ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ಶುಭವಾಗಲಿ ಎಂದು. ದೊಡ್ಡವ್ವ ಅಜ್ಜನ ಕಾಳಿನ ಅಡತಿ ಅಂಗಡಿಯಲ್ಲಿ ಬೆಳೆದವಳು. ಹಿಂದಿನ ಆರು ದಿನವೂ ಆಕೆ "ಲಾಭ, ಗುಂಜಿ" ಎಂದೇ ಪಟ್ಟಿ ಶುರುಮಾಡಿದ್ದಳು. ಅದು ಅವರಿಬ್ಬರ ಗುಟ್ಟೇನೂ ಆಗಿರಲಿಲ್ಲ. ಆಕೆಗೆ ಬೇರೆ ರೀತಿ ಎಣಿಸಲು ಬರುತ್ತಿರಲಿಲ್ಲ, ಅವನಿಗೆ ಬೇರೆ ರೀತಿ ಕೇಳಿ ಅಭ್ಯಾಸವಿರಲಿಲ್ಲ, ಅಷ್ಟೆ. ಗೋಡೌನಿನಲ್ಲಿ ದಿನಕ್ಕೆ ನಲವತ್ತು ಸಲ ಲಾಭ ಕೇಳುತ್ತಿದ್ದ ನಾನು ಬಿ.ಕಾಂ. ಓದಿದವನ ಹಾಗೆ ಒಂದು ಎಂದಿದ್ದೆ. ಎರಡು ಸಲ ಓದಿದ್ದೆನಲ್ಲ. ಜನರನ್ನು ಅಷ್ಟು ಕಿವಿಗೊಟ್ಟು ಕೇಳುತ್ತೇನೆಂದು ಬೀಗುತ್ತಿದ್ದವನು ದೊಡ್ಡವ್ವನ ಉಸಿರು ಕದ್ದಿದ್ದೆ, ಬಳೆ ಕದ್ದಿದ್ದೆ. ಆಕೆ ಕೆಲಸ ಮಾಡುವುದನ್ನು ಒಮ್ಮೆಯೂ ಕೂತು ಕೇಳಿರಲಿಲ್ಲ.

"ಫೋನ್ ಇಟ್ಟು ಹೋಗಿ ಅಕ್ಕಗ ನಮಸ್ಕಾರ ಮಾಡು," ಎಂದ ಮಾವ.

ತಿರುಗಿದರೆ ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು, ಸೆರಗಿನಿಂದ ಕೈ ಒರೆಸುತ್ತಾ. ನಮಸ್ಕಾರ ಮಾಡಲು ಬಗ್ಗಿದೆ. ಬೆನ್ನ ಮೇಲೆ ಒಂದು ಬಿತ್ತು. ಆಶೀರ್ವಾದ ಎಂದು ತಿಳಿದುಕೊಂಡೆ.

ಎಂಟನೆಯ ದಿನ ಪುಣೆಯ ಸಾಹೇಬ ಹೊಸ ಟೈಯಲ್ಲಿ ಬಂದ. ದೊಡ್ಡವ್ವನೂ ಬೆಳಗಾವಿಗೆ ಬಂದಿದ್ದಳು. ಮಾವ ಡಬ್ಬಿಯನ್ನು ಒರೆಸಿ, ಅದು ಬಂದ ರಟ್ಟಿನ ಖೋಕಾದಲ್ಲೇ ಇಟ್ಟು ಕೊಟ್ಟ.

"ಸಾಹೇಬ್ರ, ನಿಮ್ಮ ಮಷೀನ್ ಛಲೋ ಐತಿ. ಆದರ ನಾ ಒತ್ತಿದ್ರೂ ಅದು ಹೂಂ ಅಂತೈತಿ, ಈ ಕಳ್ಳ ಒತ್ತಿದ್ರೂ ಹೂಂ ಅಂತೈತಿ. ನಮ್ಮಕ್ಕನ ಕಿಟಕಿ ಹಂಗ ಅನ್ನೂದಿಲ್ಲ."

ಸಾಹೇಬ ಸೋಲೊಪ್ಪುವವನಲ್ಲ. ಈಗ ಈ ಹುಡುಗನಿಗೆ ಆ ಲಾಭದ ವಿಷಯ ತಿಳಿಯಿತಲ್ಲ, ಇನ್ನು ಮೇಲೆ ಸೇಫ್ ಹೇಗೆ ಎಂದು ಕೇಳಿದ. ಖರೇ ಪ್ರಶ್ನೆ. ಮಾವನ ಮುಖ ಸಣ್ಣಗಾಯಿತು. ದೊಡ್ಡವ್ವ ಚಹಾದ ಬಸಿಯನ್ನು ಕೆಳಗಿಟ್ಟಳು.

"ತಿಳೀಲಿ ಬಿಡ್ರಿ. ಇನ್ನೂ ತಿಳಿಯದ್ದು ಭಾಳ ಐತಿ ಇವಗ. ದಿನಾ ಮುಂಜಾನೆ ಎರಡು ತಾಸು ನನ್ನ ಬಾಜೂಕ ಕುಂದರ್ಲಿ. ಕಣ್ಣ ಮುಂದ ಇದ್ರ ಕದಿಯೂದ ಹೆಂಗ?"

ಹೀಗೆ ನಾನು ಖಾನಾಪುರದ ಕಿಟಕಿಗೆ ಬಂದೆ, ಬಡ್ತಿಯೋ ಶಿಕ್ಷೆಯೋ ಯಾರೂ ಸ್ಪಷ್ಟ ಮಾಡಲಿಲ್ಲ. ಡಬ್ಬಿಗೆ ಕೊಡಬೇಕಾಗಿದ್ದ ರೊಕ್ಕದ ಒಂದು ಮೂಲೆಯಲ್ಲಿ ಮಾವ ಒಂದು ಮೊಬೈಲು ಕೊಂಡ. ನನಗಲ್ಲ, ಕಿಟಕಿಗೆ. ಚರ್ಮದ ಚೀಲ ಸಮೇತ ಅದನ್ನು ದೊಡ್ಡವ್ವನಿಗೆ ಮುಟ್ಟಿಸಿ, ಹಸಿರು ಗುಂಡಿ ಯಾವುದು, ಕೆಂಪು ಯಾವುದು ಎಂದು ನಾನೇ ಕಲಿಸಬೇಕಾಯಿತು. ಒಂದೇ ಸಲಕ್ಕೆ ಕಲಿತಳು.

"ಹಚ್ಚಿ ನೋಡ್ಲೇನು?" ಎಂದು ಮಾವನ ನಂಬರು ಒತ್ತಿದಳು. ಮಾವ ಎತ್ತಿದ. ಆಗ ದೊಡ್ಡವ್ವ ಮೊದಲು ಒಂದು ಅರ್ಧ ನಗು ನಕ್ಕು, ಬೇಡುವಂತೆ ದನಿ ಎಳೆದು, "ಮಾವಾ, ನನಗೊಂದು ಮೊಬೈಲ್ ಕೊಡಸೋ ಮಾವಾ," ಎಂದಳು.

ಅಷ್ಟು ದೂರದಿಂದಲೂ ಮಾವನ ಉತ್ತರ ನನಗೆ ಸ್ಪಷ್ಟವಾಗಿ ಕೇಳಿಸಿತು. ಅದರಲ್ಲಿ ಕತ್ತಿ ಮೂರು ಸಲ ಬಂತು, ನನ್ನ ಮಾರ್ಕ್ಸ್ ಕಾರ್ಡು ಒಂದು ಸಲ. ನನ್ನ ದನಿ ಹೇಗಿದೆಯೆಂದು ಗೊತ್ತಾದದ್ದು ಆವತ್ತು. ಅದು ಅಷ್ಟು ಗೋಳಿನದೆಂದು ಯಾರೂ ಹೇಳಿರಲಿಲ್ಲ.

"ನಿಮಗ ಇದು ಬರ್ತಿತ್ತೇನು, ದೊಡ್ಡವ್ವಾ?"

"ನಿಮ್ಮಜ್ಜನ ಅಂಗಡ್ಯಾಗ ನನ್ನ ಬಿಟ್ರ ಯಾರಿಗೆ ಬರ್ತಿತ್ತು?" ಎಂದು ಕೆಂಪು ಗುಂಡಿ ಒತ್ತಿದಳು. "ಸರಿ ಬಾಜೂಕ. ಗಿರಾಕಿ ಬಂದಾರ."

ಕಿಟಕಿಯ ಹೊರಗೆ ಗುಂಜಿಯವನು ಹಾಲಿನ ಕ್ಯಾನು ಕೆಳಗಿಟ್ಟು, ಅರಿವೆಯ ಗಂಟು ಬಿಚ್ಚುತ್ತಿದ್ದ. ದೊಡ್ಡವ್ವ ಹೊಸ ಹಾಳೆ ತೆಗೆದು ಪೆನ್ನನ್ನು ನನ್ನ ಕೈಗೆ ಕೊಟ್ಟಳು.

"ಲಾಭ, ಗುಂಜಿ," ಎಂದೆ ನಾನು, ನನ್ನ ಗೋಳಿನ ದನಿಯಲ್ಲೇ.